ಮೈಲಿ ಬಿಡಿ, ಲಾಕ್ ಎಣಿಸಿ: ಕೆನೆಟ್ ಅಂಡ್ ಏವನ್ ಕಾಲುವೆಯಲ್ಲಿ ದೋಣಿ ನಡೆಸುವುದು ಹೇಗೆ

ಇಂಗ್ಲೆಂಡಿನ ರೆಡಿಂಗ್‌ನಿಂದ ಬಾತ್ ಊರಿಗೆ ರೈಲಿನಲ್ಲಿ ಸುಮಾರು ಒಂದು ಗಂಟೆ. ದೋಣಿಯಲ್ಲಿ ಹೋದರೆ ಒಂದು ವಾರ. ಮೊದಲ ಸಲ ಇದನ್ನು ಮನೆಯಲ್ಲಿ ಹೇಳಿದಾಗ ಎಲ್ಲರೂ ನಕ್ಕರು. ಎರಡನೇ ವರ್ಷ ಅವರೇ ರಜೆಯ ದಿನಾಂಕ ಕೇಳಿಕೊಂಡು ಬಂದರು. ಈಗ ನಮ್ಮ ಪರಿಚಯದ ಯಾವುದಾದರೂ ಕುಟುಂಬ ದೋಣಿ ಬಾಡಿಗೆಗೆ ಹಿಡಿದರೆ ಹೊರಡುವ ಹಿಂದಿನ ರಾತ್ರಿ ನನಗೆ ಫೋನ್ ಬರುತ್ತದೆ. ಫೋನಿನಲ್ಲಿ ಹೇಳಿ ಹೇಳಿ ಸಾಕಾಗಿ, ಎಲ್ಲವನ್ನೂ ಒಂದು ಕಡೆ ಬರೆದಿಟ್ಟಿದ್ದೇನೆ.

ಮೊದಲೇ ಹೇಳಿಬಿಡುತ್ತೇನೆ: ದೋಣಿ ನಡೆಸಲು ಲೈಸೆನ್ಸ್ ಬೇಡ, ಈಜು ಪರೀಕ್ಷೆಯೂ ಇಲ್ಲ. ಬಾಡಿಗೆ ಕೊಡುವವರು ಸುಮಾರು ಒಂದು ಗಂಟೆ ಹೇಳಿಕೊಟ್ಟು ಕೀ ಕೈಗಿಡುತ್ತಾರೆ. 18 ಮೀಟರ್ ಉದ್ದದ ಉಕ್ಕಿನ ದೋಣಿ ನಿಮ್ಮದಾಯಿತು! ಆ ಒಂದು ಗಂಟೆಯಲ್ಲಿ ಅರ್ಧ ತಲೆಗೆ ಹೋಗುವುದಿಲ್ಲ. ಉಳಿದರ್ಧ ಇಲ್ಲಿದೆ.

ಇದು ಒಂದು ಕಾಲುವೆ ಅಲ್ಲ, ಮೂರು

ನಕ್ಷೆಯಲ್ಲಿ ರೆಡಿಂಗ್‌ನಿಂದ ಬ್ರಿಸ್ಟಲ್‌ವರೆಗೆ ಒಂದೇ ನೀಲಿ ಗೆರೆ ಕಾಣುತ್ತದೆ. 87 ಮೈಲಿ, ಅಂದರೆ 140 ಕಿಲೋಮೀಟರ್. ಆದರೆ ಅದು ಮೂರು ತುಂಡು ಸೇರಿ ಆದದ್ದು. ಪೂರ್ವದಲ್ಲಿ ರೆಡಿಂಗ್‌ನಿಂದ ನ್ಯೂಬರಿವರೆಗೆ ಕೆನೆಟ್ ನದಿ. ಅದನ್ನು 1723ರಲ್ಲೇ ದೋಣಿ ಓಡುವಂತೆ ತಿದ್ದಿದ್ದರು. ಪಶ್ಚಿಮದಲ್ಲಿ ಬಾತ್‌ನಿಂದ ಬ್ರಿಸ್ಟಲ್‌ವರೆಗೆ ಏವನ್ ನದಿ, ಅದು 1727ರದ್ದು. ನಡುವಿನ 57 ಮೈಲಿ ಮಾತ್ರ ಮನುಷ್ಯರು ಅಗೆದ ಕಾಲುವೆ. ಜಾನ್ ರೆನ್ನಿ ಅನ್ನುವ ಎಂಜಿನಿಯರ್ ಕಟ್ಟಿಸಿದ್ದು, 1810ರಲ್ಲಿ ಪೂರ್ತಿಯಾಯಿತು. ಆಮೇಲೆ 1841ರಲ್ಲಿ ಲಂಡನ್–ಬ್ರಿಸ್ಟಲ್ ರೈಲು ಬಂತು, 1852ರಲ್ಲಿ ಆ ರೈಲು ಕಂಪನಿಯೇ ಕಾಲುವೆಯನ್ನು ಕೊಂಡುಕೊಂಡಿತು. ಪ್ರತಿಸ್ಪರ್ಧಿಯನ್ನು ಕೊಂಡವರು ಅದನ್ನು ಹೇಗೆ ನೋಡಿಕೊಂಡಿರುತ್ತಾರೆ ಅಂತ ನೀವೇ ಊಹಿಸಿ. ಹೂಳು ತುಂಬಿ, ಗೇಟು ಕೊಳೆತು, ಕೊನೆಗೆ ದೋಣಿ ಓಡಾಟವೇ ನಿಂತುಹೋಯಿತು. ಸ್ವಯಂಸೇವಕರು ದಶಕಗಳ ಕಾಲ ಹೂಳೆತ್ತಿ, ದುಡ್ಡು ಕೂಡಿಸಿ, 1990ರಲ್ಲಿ ಮತ್ತೆ ತೆರೆಸಿದರು. ಈಗ ಕೆನಾಲ್ ಅಂಡ್ ರಿವರ್ ಟ್ರಸ್ಟ್ ನೋಡಿಕೊಳ್ಳುತ್ತದೆ.

ಚರಿತ್ರೆ ಹೇಳಿದ್ದು ಸುಮ್ನೆ ಅಲ್ಲ. ನೀವು ನದಿಯ ಮೇಲಿದ್ದೀರಾ, ಕಾಲುವೆಯಲ್ಲಿದ್ದೀರಾ ಅನ್ನುವುದು ಪ್ರತಿ ಬೆಳಿಗ್ಗೆ ಗೊತ್ತಿರಬೇಕು. ಕಾಲುವೆಯ ನೀರು ನಿಂತ ನೀರು. ನದಿ ನಿಮ್ಮನ್ನು ತಳ್ಳುತ್ತದೆ.

ಎಷ್ಟು ದಿನ ಬೇಕು

ಎಲ್ಲರೂ ತಪ್ಪುವುದು ಇಲ್ಲೇ. ವೇಗದ ಮಿತಿ ಗಂಟೆಗೆ 4 ಮೈಲಿ, 87 ಮೈಲಿಗೆ 22 ಗಂಟೆ, ಮೂರು ದಿನ ಸಾಕಲ್ವಾ ಅಂತಾರೆ. ಸಾಕಾಗಲ್ಲ. ಈ ದಾರಿಯಲ್ಲಿ ನೂರಕ್ಕೂ ಹೆಚ್ಚು ಲಾಕ್‌ಗಳಿವೆ. ಲಾಕ್ ಅಂದರೆ ನೀರಿನ ಮೆಟ್ಟಿಲು, ದೋಣಿಯನ್ನು ಏರಿಸಿ ಇಳಿಸುವ ಕಲ್ಲಿನ ತೊಟ್ಟಿ. ಒಂದೊಂದಕ್ಕೂ ಹದಿನೈದು, ಇಪ್ಪತ್ತು ನಿಮಿಷ ಹಿಡಿಯುತ್ತದೆ.

ದೋಣಿಯವರ ಲೆಕ್ಕ ಬೇರೆ ಥರ. ಮೈಲಿ ಎಷ್ಟು, ಲಾಕ್ ಎಷ್ಟು ಅಂತ ಕೂಡಿಸಿ ಮೂರರಿಂದ ಭಾಗಿಸಿ. ಅಷ್ಟು ಗಂಟೆ. 87 ಮೈಲಿಗೆ 105 ಲಾಕ್ ಸೇರಿಸಿದರೆ 192, ಮೂರರಿಂದ ಭಾಗಿಸಿದರೆ 64 ಗಂಟೆ. ದಿನಕ್ಕೆ ಎಂಟು ಗಂಟೆ ದುಡಿದರೂ ಎಂಟು ದಿನ, ಅದೂ ಒಂದೇ ಕಡೆಗೆ. ಬಾಡಿಗೆ ದೋಣಿಯನ್ನು ಹೊರಟ ಕಡೆಯೇ ತಂದು ಬಿಡಬೇಕು ಅನ್ನುವುದು ಮರೆಯಬೇಡಿ. ರಜೆಯಲ್ಲಿ ಎಂಟು ಗಂಟೆ ದುಡಿಯುವವರು ಯಾರು? ಐದು ಗಂಟೆ ಹಿಡಿದುಕೊಳ್ಳಿ.

ಹಾಗಾಗಿ ಹೊಸಬರಿಗೆ ನನ್ನ ಸಲಹೆ ಒಂದೇ: ಬ್ರಾಡ್‌ಫರ್ಡ್-ಆನ್-ಏವನ್‌ನಲ್ಲಿ, ಲಾಕ್‌ನ ಕೆಳಗಡೆ ಹತ್ತಿ ಬಾತ್‌ಗೆ ಹೋಗಿ ವಾಪಸ್ ಬನ್ನಿ. ಮೂರು ದಿನ ಆರಾಮಾಗಿ ಸಾಕು. ನಡುವಿನ ಒಂಬತ್ತು ಮೈಲಿಯಲ್ಲಿ ಒಂದೂ ಲಾಕ್ ಇಲ್ಲ. ಆದರೂ ಈ ಕಾಲುವೆಯ ಅತ್ಯಂತ ಚೆಂದದ ಭಾಗ ಅದೇ. ಕಾಡು ತುಂಬಿದ ಕಣಿವೆಯ ಪಕ್ಕದಲ್ಲಿ ಸಾಗುತ್ತೀರಿ. ಆವನ್‌ಕ್ಲಿಫ್ ಮತ್ತು ಡಂಡಸ್ ಎಂಬ ಎರಡು ಕಲ್ಲಿನ ಮೇಲ್ಗಾಲುವೆಗಳ ಮೇಲೆ ಏವನ್ ನದಿಯನ್ನು ದಾಟುತ್ತೀರಿ. ಕೆಳಗೆ ನದಿ, ಮೇಲೆ ಕಾಲುವೆ, ಕಾಲುವೆಯ ಮೇಲೆ ನೀವು. ಎರಡರ ತುದಿಯಲ್ಲೂ ತಿರುವು ಬಹಳ ಕಡಿದು, ಎದುರಿನಿಂದ ಬರುವ ದೋಣಿ ಕಾಣುವುದೇ ಇಲ್ಲ. ಒಂದು ಸಲ ಉದ್ದಕ್ಕೆ ಹಾರ್ನ್ ಹೊಡೆದು, ನಿಧಾನವಾಗಿ ಮೂತಿ ತಿರುಗಿಸಿ.

ಒಂದು ವಾರ ಇದೆ, ಮೈಯಲ್ಲಿ ಕಸುವೂ ಇದೆ ಅಂದರೆ ಹಂಗರ್‌ಫರ್ಡ್ ಅಥವಾ ಡಿವೈಜಸ್‌ನಿಂದ ಹೊರಡಿ. ಬಾಡಿಗೆಗೆ ಏಪ್ರಿಲ್‌ನಿಂದ ಅಕ್ಟೋಬರ್ ಸರಿಯಾದ ಕಾಲ. ಚಳಿಗಾಲದಲ್ಲಿ ಲಾಕ್‌ಗಳನ್ನು ಖಾಲಿ ಮಾಡಿ ರಿಪೇರಿ ಮಾಡುತ್ತಾರೆ. ಬೇಸಿಗೆಯಲ್ಲಿ ಮಳೆ ಕಮ್ಮಿಯಾದರೆ ನೀರಿಲ್ಲದೆ ಕೆಲವು ಕಡೆ ದಾರಿ ಮುಚ್ಚುವುದೂ ಉಂಟು. ಹೊರಡುವ ವಾರ ಟ್ರಸ್ಟ್‌ನ ವೆಬ್‌ಸೈಟಿನಲ್ಲಿ ತಡೆ ಸೂಚನೆಗಳನ್ನು ನೋಡಿ.

ಕೀ ತೆಗೆದುಕೊಳ್ಳುವ ಮೊದಲು

ಇಲ್ಲಿನ ದೋಣಿಗೆ ನ್ಯಾರೋಬೋಟ್ ಅಂತ ಹೆಸರು. ಅಗಲ ಬರೀ 2 ಮೀಟರ್ ಚಿಲ್ಲರೆ, ಉದ್ದ 21 ಮೀಟರ್‌ವರೆಗೂ ಇರುತ್ತದೆ. ನಾಲ್ಕು ಜನಕ್ಕೆ 17, 18 ಮೀಟರಿನದು ಸಾಕು. ಒಳಗೆ ಅಡುಗೆಮನೆ, ಮಂಚ, ಸ್ನಾನ ಎಲ್ಲಾ ಇದೆ, ರೈಲಿನ ಬೋಗಿಯಲ್ಲಿ ಸಂಸಾರ ಹೂಡಿದ ಹಾಗೆ.

ಹೇಳಿಕೊಡುವವರ ಹತ್ತಿರ ಮೂರು ವಿಷಯ ಕೈಯಾರೆ ಮಾಡಿಸಿಕೊಳ್ಳಿ, ಬರೀ ತಲೆ ಆಡಿಸಬೇಡಿ. ಒಂದು, ಪ್ರೊಪೆಲ್ಲರ್ ಶಾಫ್ಟ್‌ಗೆ ಗ್ರೀಸ್ ತಿರುಗಿಸುವುದು. ದಿನದ ಕೊನೆಗೆ ಮಾಡಬೇಕು, ಇಲ್ಲದಿದ್ದರೆ ನೀರು ಒಳಗೆ ಜಿನುಗುತ್ತದೆ. ಎರಡು, ಪ್ರೊಪೆಲ್ಲರ್ ಮೇಲಿರುವ ವೀಡ್ ಹ್ಯಾಚ್ ಅನ್ನುವ ಮುಚ್ಚಳ ತೆಗೆದು ಮತ್ತೆ ಬಿಗಿಯಾಗಿ ಮುಚ್ಚುವುದು. ಮೂರು, ಕಾರ್ಬನ್ ಮಾನಾಕ್ಸೈಡ್ ಅಲಾರಂ ಎಲ್ಲಿದೆ, ಕೂಗುತ್ತದಾ ಅಂತ ಒತ್ತಿ ನೋಡುವುದು. ಲೈಫ್ ಜಾಕೆಟ್ ಕೇಳಿದರೆ ಕೊಡುತ್ತಾರೆ. ಮಕ್ಕಳಿಗೆ ಹಾಕಿಸಿ, ಈಜು ಬಾರದ ದೊಡ್ಡವರೂ ನಾಚಿಕೆ ಬಿಟ್ಟು ಹಾಕಿಕೊಳ್ಳಿ.

ಇದರ ಜೊತೆ ಎರಡು ವಿಂಡ್ಲಾಸ್ ಕೊಡುತ್ತಾರೆ, ಲಾಕ್‌ನ ತೂಬು ತೆರೆಯುವ ಕಬ್ಬಿಣದ ಹಿಡಿ ಅದು. ದುಡ್ಡು ಕೊಟ್ಟಾದರೂ ಮೂರನೆಯದನ್ನು ಇಸ್ಕೊಳ್ಳಿ. ನಮ್ಮದು ಮೊದಲ ದಿನವೇ ಕೈಜಾರಿ ನೀರಿಗೆ ಬಿತ್ತು. 'ಬುಳುಕ್' ಅಂತ ಒಂದು ಸದ್ದು, ಅಷ್ಟೇ.

ಚುಕ್ಕಾಣಿ ಹಿಡಿದಾಗ

ದೋಣಿಯ ಹಿಂಭಾಗದಲ್ಲಿ ನಿಂತು ಟಿಲ್ಲರ್ ಅನ್ನುವ ಹಿತ್ತಾಳೆಯ ಹಿಡಿಯನ್ನು ಹಿಡಿಯುತ್ತೀರಿ. ಅದನ್ನು ಬಲಕ್ಕೆ ತಳ್ಳಿದರೆ ಮೂತಿ ಎಡಕ್ಕೆ ಹೋಗುತ್ತದೆ. ಇದು ಹತ್ತು ನಿಮಿಷದಲ್ಲಿ ಅಭ್ಯಾಸವಾಗುತ್ತದೆ. ಅಭ್ಯಾಸವಾಗದ್ದು ಬೇರೆ: ದೋಣಿ ಕಾರಿನ ಹಾಗೆ ಮುಂದಿನಿಂದ ತಿರುಗುವುದಿಲ್ಲ, ನಡುವಿನಿಂದ ತಿರುಗುತ್ತದೆ. ಮೂತಿ ಎಡಕ್ಕೆ ಹೋದಾಗ ಬಾಲ ಬಲಕ್ಕೆ ಬೀಸುತ್ತದೆ. ಅಲ್ಲಿ ಯಾರದೋ ಹೊಸ ಬಣ್ಣ ಹೊಡೆದ ದೋಣಿ ನಿಂತಿರುತ್ತದೆ.

ಇನ್ನೊಂದು, ಬ್ರೇಕ್ ಇಲ್ಲ. ನಿಲ್ಲಿಸಬೇಕಾದರೆ ರಿವರ್ಸ್ ಹಾಕಬೇಕು. ರಿವರ್ಸ್‌ನಲ್ಲಿದ್ದಾಗ ಟಿಲ್ಲರ್ ಮಾತು ಕೇಳುವುದಿಲ್ಲ. ಹದಿನೈದು ಟನ್ ಉಕ್ಕು ನಿಲ್ಲಲು ತನ್ನದೇ ಸಮಯ ತೆಗೆದುಕೊಳ್ಳುತ್ತದೆ. ಹೊಸಬರು ಗಾಬರಿಯಾಗಿ ಎಕ್ಸಲರೇಟರ್ ಒತ್ತುತ್ತಾರೆ, ಡಿಕ್ಕಿ ಜೋರಾಗುತ್ತದೆ ಅಷ್ಟೇ. ಅನುಮಾನ ಬಂದಾಗಲೆಲ್ಲ ವೇಗ ಕಡಿಮೆ ಮಾಡಿ. ಎಷ್ಟು ವೇಗ ಸರಿ ಅಂತ ಮೀಟರ್ ಬೇಡ, ಹಿಂದಿರುಗಿ ನೋಡಿ. ದಡದಲ್ಲಿ ಅಲೆ ಒಡೆಯುತ್ತಿದ್ದರೆ ಜಾಸ್ತಿಯಾಯಿತು.

ಎದುರು ದೋಣಿ ಬಂದರೆ ಬಲಕ್ಕೆ ಸರಿಯಿರಿ. ರಸ್ತೆಯಲ್ಲಿ ಎಡ, ನೀರಿನಲ್ಲಿ ಬಲ. ನಿಂತ ದೋಣಿಗಳ ಪಕ್ಕ ಎಂಜಿನ್ ಗುನುಗುವಷ್ಟೇ ವೇಗದಲ್ಲಿ ಹೋಗಬೇಕು. ಬಾತ್ ಹತ್ತಿರ ದಡದುದ್ದಕ್ಕೂ ಜನ ವಾಸಿಸುವ ದೋಣಿಗಳೇ. ನೀವು ಜೋರಾಗಿ ಹೋದರೆ ಅವರ ಟೀ ಕಪ್ ಮೇಜಿನಿಂದ ಬೀಳುತ್ತದೆ, ಬೈಗುಳ ಕಿಟಕಿಯಿಂದ ಬರುತ್ತದೆ.

ತಿರುಗಿಸುವುದು ಎಲ್ಲೆಂದರಲ್ಲಿ ಆಗಲ್ಲ. ಕಾಲುವೆ ದೋಣಿಯ ಉದ್ದಕ್ಕಿಂತ ಕಿರಿದು. ಅಲ್ಲಲ್ಲಿ ದಡವನ್ನು ಅಗಲ ಮಾಡಿ ತಿರುಗುವ ಜಾಗ ಬಿಟ್ಟಿದ್ದಾರೆ, ಅದಕ್ಕೆ ವಿಂಡಿಂಗ್ ಹೋಲ್ ಅಂತಾರೆ. ನಕ್ಷೆಯಲ್ಲಿ ಮೊದಲೇ ಗುರುತು ಹಾಕಿಕೊಳ್ಳಿ.

ಲಾಕ್: ಇಲ್ಲಿ ಅವಸರ ಬೇಡವೇ ಬೇಡ

ಲಾಕ್‌ಗೆ ಎರಡು ತುದಿಯಲ್ಲೂ ಮರದ ದೊಡ್ಡ ಗೇಟುಗಳು. ಗೇಟಿನಲ್ಲೂ ನೆಲದಡಿಯಲ್ಲೂ ಪ್ಯಾಡಲ್ ಅನ್ನುವ ಹಲಗೆಗಳಿವೆ. ನಮ್ಮ ಕೆರೆಯ ತೂಬು ನೋಡಿದವರಿಗೆ ಹೊಸದೇನೂ ಅಲ್ಲ: ಹಲಗೆ ಎತ್ತಿದರೆ ನೀರು ಹರಿಯುತ್ತದೆ, ಇಳಿಸಿದರೆ ನಿಲ್ಲುತ್ತದೆ. ಗೇಟಿನ ಎರಡೂ ಕಡೆ ನೀರಿನ ಮಟ್ಟ ಒಂದೇ ಆಗುವವರೆಗೆ ಗೇಟು ಅಲ್ಲಾಡುವುದಿಲ್ಲ. ನಾಲ್ಕು ಜನ ತಳ್ಳಿದರೂ ಅಷ್ಟೆ. ಅಲ್ಲಾಡಿದಾಗ ಮಗು ತಳ್ಳಿದರೂ ತೆರೆಯುತ್ತದೆ.

ಮೇಲಕ್ಕೆ ಹೋಗುವಾಗ ಹೀಗೆ ಮಾಡಿ:

1. ಲಾಕ್‌ಗೆ ಮುಂಚೆಯೇ ದೋಣಿ ನಿಲ್ಲಿಸಿ, ಒಬ್ಬರು ವಿಂಡ್ಲಾಸ್ ಹಿಡಿದು ಇಳಿಯಿರಿ. ಲಾಕ್ ತುಂಬಿದ್ದರೆ, ಎದುರಿಂದ ಇಳಿದು ಬರುವ ದೋಣಿ ಇದೆಯಾ ನೋಡಿ. ಇದ್ದರೆ ಅವರಿಗೆ ಬಿಡಿ. ಸುಮ್ನೆ ಒಂದು ಲಾಕ್ ನೀರು ಖಾಲಿ ಮಾಡಬೇಡಿ.
2. ಕೆಳಗಿನ ಪ್ಯಾಡಲ್ ಎತ್ತಿ ಖಾಲಿ ಮಾಡಿ, ಗೇಟು ತೆರೆದು ದೋಣಿ ಒಳಗೆ ತನ್ನಿ. ಈ ಲಾಕ್‌ಗಳು ಅಗಲ, ಎರಡು ನ್ಯಾರೋಬೋಟ್ ಪಕ್ಕಪಕ್ಕ ಹಿಡಿಯುತ್ತವೆ. ಹಿಂದೆ ಯಾರಾದರೂ ಬರುತ್ತಿದ್ದರೆ ಕಾಯಿರಿ. ನೀರು ಅರ್ಧಕ್ಕರ್ಧ ಉಳಿಯುತ್ತದೆ, ಕೆಲಸವೂ.
3. ಹಗ್ಗವನ್ನು ಮೇಲಿನ ಗೂಟಕ್ಕೆ ಒಂದು ಸುತ್ತು ಹಾಕಿ ಕೈಯಲ್ಲಿ ಹಿಡಿದುಕೊಳ್ಳಿ. ಗಂಟು ಹಾಕಬೇಡಿ. ಕೆಳಗಿನ ಗೇಟು, ಪ್ಯಾಡಲ್ ಎಲ್ಲಾ ಮುಚ್ಚಿ.
4. ಮೇಲಿನ ಕಡೆ, ನೆಲದಡಿಯ ಪ್ಯಾಡಲ್‌ಗಳಲ್ಲಿ ನಿಮ್ಮ ದೋಣಿ ಇರುವ ಪಕ್ಕದ್ದನ್ನು ಮೊದಲು ಅರ್ಧ ಎತ್ತಿ. ನೀರು ದೋಣಿಯ ಅಡಿಯಿಂದ ಹೋಗಿ ಎದುರು ಗೋಡೆಗೆ ಬಡಿದು ವಾಪಸ್ ಬಂದು ದೋಣಿಯನ್ನು ಗೋಡೆಗೇ ಒತ್ತಿ ಹಿಡಿಯುತ್ತದೆ. ಗೇಟಿನ ಪ್ಯಾಡಲ್‌ಗಳನ್ನು ಅವು ನೀರಿನಡಿ ಮುಳುಗುವವರೆಗೆ ಮುಟ್ಟಬೇಡಿ. ಮುಟ್ಟಿದರೆ ಜಲಪಾತ ನೇರ ಮುಂಭಾಗದೊಳಕ್ಕೆ ಬೀಳುತ್ತದೆ.
5. ಮಟ್ಟ ಒಂದಾದಾಗ ಗೇಟು ತೆರೆದು ಹೊರಡಿ. ಹಿಂದೆ ಎಲ್ಲವನ್ನೂ ಮುಚ್ಚಿ.

ಇಳಿಯುವಾಗ ಇದೇ ತಿರುಗುಮುರುಗು. ಆದರೆ ಇಳಿಯುವುದರಲ್ಲಿ ಒಂದು ಅಪಾಯ ಇದೆ, ಇದನ್ನು ಎರಡು ಸಲ ಓದಿ. ಮೇಲಿನ ಗೇಟಿನ ಬುಡದಲ್ಲಿ ನೀರಿನೊಳಗೆ ಒಂದು ಕಲ್ಲಿನ ಜಗಲಿ ಚಾಚಿಕೊಂಡಿರುತ್ತದೆ. ಅದಕ್ಕೆ ಸಿಲ್ ಅಂತ ಹೆಸರು. ಲಾಕ್ ತುಂಬಿದ್ದಾಗ ಅದು ಕಾಣುವುದಿಲ್ಲ. ನೀರು ಇಳಿಯುವಾಗ ದೋಣಿಯ ಹಿಂಭಾಗ ಅದರ ಮೇಲೆ ಕೂತುಬಿಟ್ಟರೆ ಮುಂಭಾಗ ಮಾತ್ರ ಇಳಿಯುತ್ತಾ ಹೋಗಿ ದೋಣಿ ಮುಳುಗುತ್ತದೆ. ಅದಕ್ಕೆ ನಿಮಿಷಗಳೇ ಸಾಕು. ಗೋಡೆಯ ಮೇಲೆ ಬಿಳಿ ಗೆರೆ ಇರುತ್ತದೆ. ಹಿಂಭಾಗ ಸದಾ ಅದಕ್ಕಿಂತ ಮುಂದಿರಲಿ. ಚುಕ್ಕಾಣಿಯಲ್ಲಿರುವವರು ಆ ಗೆರೆ ಬಿಟ್ಟು ಬೇರೆ ಏನನ್ನೂ ನೋಡಬಾರದು, ಫೋಟೋ ಅಂತೂ ಬೇಡ. ಏನೇ ಎಡವಟ್ಟಾದರೂ ಕೂಗಿ, ಎಲ್ಲಾ ಪ್ಯಾಡಲ್ ಇಳಿಸಿ. ಪ್ಯಾಡಲ್ ಹತ್ತಿರ ಇರುವವರು ದೋಣಿಯಲ್ಲಿರುವವರ ಮುಖ ನೋಡುತ್ತಲೇ ಇರಬೇಕು.

ವಿಂಡ್ಲಾಸನ್ನು ತಿರುಗಿಸಿದ ಕಡೆಯೇ ಸಿಕ್ಕಿಸಿ ಬಿಟ್ಟು ಹೋಗಬೇಡಿ. ತಡೆಕೊಕ್ಕೆ ಜಾರಿದರೆ ಅದು ಗಿರಗಿರ ತಿರುಗಿ ಮೂಳೆ ಮುರಿಯುತ್ತದೆ.

ಕೇನ್ ಹಿಲ್: ಒಂದು ದಿನದ ಕೂಲಿ

ಡಿವೈಜಸ್ ಹತ್ತಿರ ಎರಡು ಮೈಲಿಯಲ್ಲಿ 29 ಲಾಕ್‌ಗಳು, ಒಟ್ಟು 237 ಅಡಿ ಏರು. ಅದರಲ್ಲಿ 16 ಲಾಕ್ ಗುಡ್ಡದ ಮೇಲೆ ಒಂದರ ಹಿಂದೊಂದು ನೇರ ಸಾಲಾಗಿ ನಿಂತಿವೆ. ಲಾಕ್‌ಗಳ ನಡುವೆ ನೀರಿಗೆ ಜಾಗ ಸಾಲದೆ, ಪಕ್ಕಕ್ಕೆ ದೊಡ್ಡ ಹೊಂಡಗಳನ್ನು ಕಟ್ಟಿದ್ದಾರೆ. ಹತ್ತಲು ಐದಾರು ಗಂಟೆ. ಮಧ್ಯದಲ್ಲಿ ನಿಲ್ಲಿಸುವ ಹಾಗಿಲ್ಲ, ಗೇಟುಗಳಿಗೆ ರಾತ್ರಿ ಬೀಗ ಹಾಕುತ್ತಾರೆ. ಹಾಗಾಗಿ ಬೆಳಿಗ್ಗೆಯೇ ಶುರು ಮಾಡಿ, ಕೊನೆಯ ಪ್ರವೇಶದ ಸಮಯವನ್ನು ಹಿಂದಿನ ದಿನವೇ ನೋಡಿಕೊಳ್ಳಿ.

ತಂತ್ರ ಇಷ್ಟೇ: ಜೊತೆಗೆ ಇನ್ನೊಂದು ದೋಣಿ ಹುಡುಕಿಕೊಳ್ಳಿ. ಎರಡನ್ನೂ ಪಕ್ಕಪಕ್ಕ ಒಳಗೆ ಬಿಟ್ಟು, ಒಬ್ಬರು ಮುಂದೆ ನಡೆದು ಮುಂದಿನ ಲಾಕ್ ಸಿದ್ಧ ಮಾಡುತ್ತಿರಲಿ. ಟ್ರಸ್ಟ್‌ನ ಸ್ವಯಂಸೇವಕರು ಸಿಕ್ಕರೆ ಕೈಜೋಡಿಸುತ್ತಾರೆ. ನಾವು ಹತ್ತಿದಾಗ ಜೊತೆಗೆ ಸಿಕ್ಕಿದ್ದು ಒಂದು ವಯಸ್ಸಾದ ದಂಪತಿ. ಆ ಅಜ್ಜಿ ಚುಕ್ಕಾಣಿಯಲ್ಲಿ ನಿಂತು ಒಂದು ಕೈಯಲ್ಲಿ ಹೆಣೆಯುವ ನೂಲು ಹಿಡಿದುಕೊಂಡೇ ಲಾಕ್‌ನಿಂದ ಲಾಕ್‌ಗೆ ಗೋಡೆ ಸೋಕದೆ ದೋಣಿ ದಾಟಿಸುತ್ತಿದ್ದರು. ನಾನು ಪ್ರತಿ ಗೇಟಿಗೂ ಢಿಕ್ಕಿ. ಒಂಬತ್ತನೇ ಲಾಕ್‌ನಲ್ಲಿ ಅವರು ನಮ್ಮ ದೋಣಿಯ ಹಗ್ಗವನ್ನು ತಮ್ಮದಕ್ಕೆ ಕಟ್ಟಿಕೊಂಡುಬಿಟ್ಟರು. ಕರುಣೆಯಿಂದಲೋ, ತಮ್ಮ ದೋಣಿಯ ಬಣ್ಣ ಉಳಿಸಿಕೊಳ್ಳಲೋ, ಕೇಳಲಿಲ್ಲ.

ಒಂದೊಂದು ದೋಣಿ ಹತ್ತಿಳಿದಾಗಲೂ ಮೇಲಿನ ನೀರು ಕೆಳಗೆ ಬರುತ್ತದಲ್ವಾ, ಅದು ಎಲ್ಲಿಂದ ಬರಬೇಕು? 1996ರಲ್ಲಿ ಗುಡ್ಡದ ಬುಡದಲ್ಲಿ ಪಂಪು ಕೂರಿಸಿ ನೀರನ್ನು ವಾಪಸ್ ಮೇಲಕ್ಕೆ ಹತ್ತಿಸುತ್ತಿದ್ದಾರೆ. ಹಳೆಯ ಕಾಲದ ಉತ್ತರ ನೋಡಬೇಕು ಅಂದರೆ ಇನ್ನೂ ಪೂರ್ವಕ್ಕೆ, ಕ್ರಾಫ್ಟನ್‌ನಲ್ಲಿ ಇಳಿಯಿರಿ. 1812ರ ಉಗಿ ಎಂಜಿನ್ ಅಲ್ಲಿದೆ, ಇವತ್ತಿಗೂ ಕಲ್ಲಿದ್ದಲು ಹಾಕಿದರೆ ನೀರೆತ್ತುತ್ತದೆ. ಉಗಿ ಎಬ್ಬಿಸುವ ದಿನಗಳು ವರ್ಷಕ್ಕೆ ಕೆಲವೇ. ಅದಕ್ಕೆ ಹೊಂದಿಸಿಕೊಂಡು ಹೊರಟರೂ ತಪ್ಪಿಲ್ಲ.

ಡಿವೈಜಸ್ ದಾಟಿದ ಮೇಲೆ 15 ಮೈಲಿ ಲಾಕೇ ಇಲ್ಲ. ಬೆನ್ನು ನೋವು ಅಲ್ಲಿ ಇಳಿಯುತ್ತದೆ. ಎಡಗಡೆ ಗುಡ್ಡದ ಮೇಲೆ ಸುಣ್ಣದ ಮಣ್ಣು ಕೆತ್ತಿ ಮಾಡಿದ ಬಿಳಿ ಕುದುರೆ ಕಾಣುತ್ತದೆ.

ಸೇತುವೆ ಮತ್ತು ಸುರಂಗ

ರೈತರು ದನ ದಾಟಿಸುವ ತಿರುಗು ಸೇತುವೆಗಳನ್ನು ನೀವೇ ತಳ್ಳಿ ತೆರೆಯಬೇಕು, ದಾಟಿದ ಮೇಲೆ ಮುಚ್ಚಬೇಕು. ದೊಡ್ಡವು ಕೀ ಹಾಕಿ ಗುಂಡಿ ಒತ್ತುವಂಥವು. ಆಲ್ಡರ್‌ಮಾಸ್ಟನ್‌ನಲ್ಲಿ ಹೆದ್ದಾರಿಯೇ ಮೇಲಕ್ಕೇಳುತ್ತದೆ. ಗುಂಡಿ ಒತ್ತಿದ್ದೇ ಕೆಂಪು ದೀಪ ಬಿದ್ದು, ಲಾರಿಗಳು ಸಾಲಾಗಿ ನಿಂತು, ಎಲ್ಲರೂ ನಿಮ್ಮನ್ನೇ ನೋಡುತ್ತಾರೆ. ಆಫೀಸಿಗೆ ಹೋಗುವ ಬರುವ ಹೊತ್ತಿನಲ್ಲಿ ಅದನ್ನು ತೆರೆಯುವ ಹಾಗಿಲ್ಲ. ಸೇತುವೆ ಪೂರ್ತಿ ಮುಚ್ಚುವವರೆಗೆ ಕೀ ವಾಪಸ್ ಬರಲ್ಲ, ಎಳೆದಾಡಬೇಡಿ.

ಉದ್ದದ ಸುರಂಗ ಒಂದೇ, ಬ್ರೂಸ್ ಟನಲ್, 459 ಮೀಟರ್. ಅಲ್ಲಿ ಗುಡ್ಡ ಕಡಿದು ಬಯಲಾಗಿಸಬಹುದಿತ್ತು, ಆದರೆ ಜಮೀನಿನ ಒಡೆಯ ಥಾಮಸ್ ಬ್ರೂಸ್ ಒಪ್ಪಲಿಲ್ಲವಂತೆ. ಒಳಗೆ ನಡೆಯುವ ದಾರಿ ಇಲ್ಲ. ಹಿಂದೆ ದೋಣಿ ಎಳೆಯುತ್ತಿದ್ದ ಕುದುರೆಗಳನ್ನು ಗುಡ್ಡದ ಮೇಲೆ ನಡೆಸಿ, ದೋಣಿಯವರು ಗೋಡೆಯ ಸರಪಳಿ ಹಿಡಿದು ಎಳೆದುಕೊಂಡು ಹೋಗುತ್ತಿದ್ದರು. ನೀವು ಮುಂದಿನ ದೀಪ ಹಾಕಿ, ತಲೆ ಒಳಗಿಟ್ಟುಕೊಂಡು ನಿಧಾನ ಹೋದರೆ ಸಾಕು.

ನದಿಗೆ ಇಳಿದ ಮೇಲೆ

ನ್ಯೂಬರಿಯಿಂದ ಪೂರ್ವಕ್ಕೆ ಕೆನೆಟ್ ನದಿ ಕಾಲುವೆಯೊಳಗೆ ಬಂದು ಸೇರುತ್ತದೆ, ಬಿಟ್ಟು ಹೋಗುತ್ತದೆ, ಮತ್ತೆ ಸೇರುತ್ತದೆ. ಸೇರುವ ಜಾಗದಲ್ಲಿ ಅಡ್ಡ ಸೆಳೆತ. ಲಾಕ್‌ಗಳ ಪಕ್ಕ ಬಣ್ಣದ ಪಟ್ಟಿಯ ಹಲಗೆ ಇರುತ್ತದೆ: ನೀರು ಹಸಿರಿನಲ್ಲಿದ್ದರೆ ಹೋಗಿ, ಹಳದಿಯಾದರೆ ಎಚ್ಚರ, ಕೆಂಪಾದರೆ ದೋಣಿ ಕಟ್ಟಿ ಚಹಾ ಕುಡಿಯಿರಿ. ಒಂದು ದಿನ ಹಾಳಾಯಿತಲ್ಲ ಅಂತ ಹೊರಟವರ ಕಥೆ ಚೆನ್ನಾಗಿ ಮುಗಿಯುವುದಿಲ್ಲ. ನೀರು ಹಾರಿ ಬೀಳುವ ಒಡ್ಡುಗಳ ಹತ್ತಿರ ಹೋಗಬೇಡಿ, ಲಾಕ್ ಕಡೆಯ ಬಾಣದ ಗುರುತು ನೋಡಿ. ನದಿಯಲ್ಲಿ ಲಂಗರು ಕೈಗೆ ಸಿಗುವ ಹಾಗಿರಲಿ.

ವುಲ್‌ಹ್ಯಾಂಪ್ಟನ್ ಒಂದನ್ನು ವಿಶೇಷವಾಗಿ ಹೇಳಬೇಕು. ಅಲ್ಲಿ ಲಾಕ್, ಅದರ ಕೆಳಗೇ ತಿರುಗು ಸೇತುವೆ, ಎರಡರ ನಡುವೆ ನದಿ ನುಗ್ಗುತ್ತದೆ. ಕೆಳಕ್ಕೆ ಹೋಗುವಾಗ ಸೇತುವೆ ಪೂರ್ತಿ ತೆರೆಯುವವರೆಗೆ ಲಾಕ್‌ನೊಳಗೇ ಇರಿ. ಮೇಲಕ್ಕೆ ಬರುವಾಗ ಮೊದಲು ಲಾಕ್ ಸಿದ್ಧ ಮಾಡಿ, ಆಮೇಲೆ ಸೇತುವೆ ತೆರೆಯಿರಿ. ನಡುವೆ ನಿಂತು ಕಾಯಲು ಹೋದರೆ ನೀರು ಸುಮ್ಮನೆ ಬಿಡುವುದಿಲ್ಲ.

ರೆಡಿಂಗ್ ಪೇಟೆಯೊಳಗೆ ಹೊಳೆ ಕಿರಿದು. ಅದಕ್ಕೆ ದೋಣಿಗಳಿಗೇ ಟ್ರಾಫಿಕ್ ಸಿಗ್ನಲ್ ಇದೆ, ಗುಂಡಿ ಒತ್ತಿ ಹಸಿರಿಗೆ ಕಾಯಬೇಕು. ಅಲ್ಲಿಂದ ಸ್ವಲ್ಪ ದೂರಕ್ಕೆ ಕೆನೆಟ್ ಥೇಮ್ಸ್ ಸೇರುತ್ತದೆ. ಲಂಡನ್ನಿನ ಲ್ಯಾಂಬೆತ್‌ನಲ್ಲಿ 2015ರಲ್ಲಿ ನಿಲ್ಲಿಸಿದ ಬಸವಣ್ಣನ ಪ್ರತಿಮೆಯ ಮುಂದೆ ಹರಿಯುವುದು ಇದೇ ನೀರು. ದೋಣಿ ಮಾತ್ರ ಅಲ್ಲಿಗೆ ಒಯ್ಯಬೇಡಿ, ಅಲ್ಲಿ ಸಮುದ್ರದ ಉಬ್ಬರ ಇಳಿತ ಇದೆ, ಬಾಡಿಗೆ ಕರಾರಿನಲ್ಲೂ ಬಿಡುವುದಿಲ್ಲ. ಪಶ್ಚಿಮದ ಕೊನೆಯಲ್ಲಿ ಹ್ಯಾನಮ್ ಲಾಕ್ ದಾಟಿದರೂ ಉಬ್ಬರದ ನೀರೇ. ಬ್ರಿಸ್ಟಲ್‌ಗೆ ಹೋಗುವ ಮುನ್ನ ಬಾಡಿಗೆಯವರ ಒಪ್ಪಿಗೆ ಬೇಕು. ಬಾತ್‌ನಲ್ಲಿ ನದಿಗೆ ಇಳಿಯುವ ಆರು ಲಾಕ್‌ಗಳಲ್ಲಿ ಒಂದರ ಆಳ 19 ಅಡಿಗೂ ಮೇಲೆ. ಕೆಳಗಿನಿಂದ ನೋಡಿದರೆ ಬಾವಿಯೊಳಗೆ ಇದ್ದ ಹಾಗೆ. ಉದ್ದ ಹಗ್ಗ ಇಟ್ಟುಕೊಳ್ಳಿ.

ರಾತ್ರಿ, ಅಡುಗೆ, ಮತ್ತು ಫ್ಯಾನಿಗೆ ಸಿಕ್ಕ ಬಟ್ಟೆ

ಟೋಪಾತ್, ಅಂದರೆ ಆ ಕುದುರೆಗಳು ನಡೆಯುತ್ತಿದ್ದ ಕಾಲುದಾರಿ, ಇರುವ ದಡದಲ್ಲಿ ಬಹುಪಾಲು ಎಲ್ಲಿ ಬೇಕಾದರೂ ಕಟ್ಟಬಹುದು. ಲಾಕ್ ಬಾಯಿ, ತಿರುವು, ಸೇತುವೆಯ ಕೆಳಗೆ ಮಾತ್ರ ಬೇಡ. ಉಕ್ಕಿನ ಅಂಚಿದ್ದರೆ ಕೊಕ್ಕೆ, ಇಲ್ಲದಿದ್ದರೆ ಗೂಟ ಹೊಡೆಯಿರಿ. ಹಿಂದೆ ಮುಂದೆ ಎರಡೂ ಹಗ್ಗ ಓರೆಯಾಗಿರಲಿ. ರಾತ್ರಿ ಎಂಟರಿಂದ ಬೆಳಿಗ್ಗೆ ಎಂಟರವರೆಗೆ ಎಂಜಿನ್ ಹಾಕಬೇಡಿ, ಅಕ್ಕಪಕ್ಕದವರು ಮಲಗಿರುತ್ತಾರೆ.

ಗ್ಯಾಸ್ ಒಲೆ ಇದೆ, ಕುಕ್ಕರ್ ಕೂಗಿಸಬಹುದು. ಮಿಕ್ಸಿ ಮರೆತುಬಿಡಿ, ಬ್ಯಾಟರಿ ತಡೆಯಲ್ಲ. ಚಟ್ನಿಪುಡಿ, ಪುಳಿಯೋಗರೆ ಗೊಜ್ಜು, ಅವಲಕ್ಕಿ ಒಯ್ದರೆ ಲಾಕ್ ದಿನಗಳು ಸಲೀಸು. ನೀರಿನ ಟ್ಯಾಂಕನ್ನು ದಿನಾ ನಲ್ಲಿ ಸಿಕ್ಕಲ್ಲಿ ತುಂಬಿಸಿ. ಟಾಯ್ಲೆಟ್ ಟ್ಯಾಂಕ್ ಚಿಕ್ಕದು. ಚೊಂಬಿನ ಅಭ್ಯಾಸದವರು ಕೈ ಬಿಗಿ ಹಿಡಿಯಬೇಕು, ಇಲ್ಲದಿದ್ದರೆ ನಡು ದಾರಿಯಲ್ಲಿ ದುಡ್ಡು ಕೊಟ್ಟು ಖಾಲಿ ಮಾಡಿಸಬೇಕಾಗುತ್ತದೆ.

ಎಂಜಿನ್ ಸದ್ದು ಇದ್ದಕ್ಕಿದ್ದ ಹಾಗೆ ಭಾರವಾಗಿ, ಹೊಗೆ ಜಾಸ್ತಿಯಾಗಿ, ದೋಣಿ ಎಳೆಯದಿದ್ದರೆ ಪ್ರೊಪೆಲ್ಲರ್‌ಗೆ ಏನೋ ಸುತ್ತಿಕೊಂಡಿದೆ ಅಂತ ಅರ್ಥ. ದಡಕ್ಕೆ ಕಟ್ಟಿ. ಎಂಜಿನ್ ನಿಲ್ಲಿಸಿ ಕೀ ತೆಗೆದು ಜೇಬಿಗೆ ಹಾಕಿಕೊಳ್ಳಿ, ಇದು ಮರೆತರೆ ಕೈಬೆರಳು ಹೋಗುತ್ತದೆ. ವೀಡ್ ಹ್ಯಾಚ್ ತೆಗೆದು, ತೋಳು ಮಡಿಸಿ, ತಣ್ಣನೆಯ ಕಪ್ಪು ನೀರಿಗೆ ಕೈ ಇಳಿಸಿ ತಡಕಾಡಿ. ನನಗೆ ಸಿಕ್ಕಿದ್ದು ಅರ್ಧ ಪ್ಲಾಸ್ಟಿಕ್ ಚೀಲ, ಒಂದಷ್ಟು ಹುಲ್ಲು, ಮತ್ತು ನಮ್ಮದೇ ದೋಣಿಯ ಚಾವಣಿಯಲ್ಲಿ ಒಣಗಲು ಹಾಕಿದ್ದ ಹತ್ತಿಯ ದುಪಟ್ಟಾ. ಅಡುಗೆಯ ಚಾಕುವಿನಲ್ಲಿ ಎಳೆ ಎಳೆಯಾಗಿ ಕೊಯ್ಯಲು ನಲವತ್ತು ನಿಮಿಷ ಹಿಡಿಯಿತು. ಮುಚ್ಚಳವನ್ನು ಮತ್ತೆ ಬಿಗಿಯಾಗಿ ಹಾಕಿದ್ದೀರಾ ಅಂತ ಇಬ್ಬರು ನೋಡಿ, ಆಮೇಲೆ ಎಂಜಿನ್ ಹಾಕಿ. ಸಡಿಲವಾಗಿದ್ದರೆ ದೋಣಿಯೊಳಗೆ ನೀರು ತುಂಬುತ್ತದೆ.

ವಾಪಸ್ ಕೊಡುವ ದಿನ ಬೆಳಿಗ್ಗೆ ಒಂಬತ್ತಕ್ಕೆಲ್ಲ ದೋಣಿ ಜಾಗದಲ್ಲಿರಬೇಕು ಅಂತಾರೆ. ಹಾಗಾಗಿ ಕೊನೆಯ ರಾತ್ರಿ ಬಾಡಿಗೆ ಜಾಗದಿಂದ ಅರ್ಧ ಗಂಟೆ ದೂರದಲ್ಲೇ ಕಟ್ಟಿ, ನಡುವೆ ಒಂದೂ ಲಾಕ್ ಇಲ್ಲದ ಕಡೆ. ಕಸ ತೆಗೆದು, ಪಾತ್ರೆ ತೊಳೆದಿಟ್ಟು, ವಿಂಡ್ಲಾಸ್‌ಗಳನ್ನು ಮೇಜಿನ ಮೇಲೆ ಸಾಲಾಗಿಡಿ. ಅವರು ಮೊದಲು ಎಣಿಸುವುದು ಅದನ್ನೇ.